ಸತ್ತರೂ ಮನೆಯಲ್ಲೇ ಏಳುವ ಹುಡುಗ

ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬರುವ ಬಸ್ಸಿನಲ್ಲಿ, ಪಕ್ಕದಲ್ಲಿ ಕೂತಿದ್ದ ಗೆಳೆಯನ ಫೋನಿನಿಂದ ಆ ರಾಗ ಕೇಳಿಸಿತು. ತಗಡಿನ ಡಬ್ಬಿಯೊಳಗೆ ಯಾರೋ ಕಾಳು ಉರುಳಿಸಿದ ಹಾಗೆ ಟಿಣಿ ಟಿಣಿ ಎನ್ನುವ ಒಂದು ಚೂರು ರಾಗ. ಅಷ್ಟಕ್ಕೇ ಸುಣ್ಣದ ಪುಡಿ, ಬ್ಲೀಚಿಂಗ್ ಪೌಡರ್, ಆಗತಾನೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು, ಅದರಡಿಯ ರೇಷ್ಮೆಹುಳುವಿನ ಹಿಕ್ಕೆ, ಎಲ್ಲದರ ವಾಸನೆಯೂ ಒಟ್ಟಿಗೆ ನನ್ನ ಮೂಗಿಗೆ ಬಂದು ಬಡಿಯಿತು. ಬಸ್ಸಿನಲ್ಲಿ ಅದ್ಯಾವುದೂ ಇರಲಿಲ್ಲ. ಗೆಳೆಯ ಕಣ್ಣು ಒದ್ದೆ ಮಾಡಿಕೊಂಡು "ಇದೇ ಕಣೇ ನಮ್ಮ ಬಾಲ್ಯ" ಎಂದ. ಅಂಗೈಯಲ್ಲಿ ಹಿಡಿದು ಆಡುವ ಆ ಹಳೆಯ ವಿಡಿಯೋ ಗೇಮಿಗೆ ಈಗ ಹೊಸ ಬಣ್ಣ ಬಳಿದು ಮತ್ತೆ ಮಾರುತ್ತಿದ್ದಾರಂತೆ. ದೊಡ್ಡ ದೊಡ್ಡ ಗಂಡಸರು ಅದರ ಮುಂದೆ ಕೂತು ಅಳುವ ವಿಡಿಯೋಗಳೂ ಇವೆಯಂತೆ. ಕಾಲೇಜಿನಲ್ಲಿ ನನ್ನ ಜೊತೆ ಚರ್ಚಾಸ್ಪರ್ಧೆಗೆ ಬರುತ್ತಿದ್ದವನು ಇವನು, ಪುರಾವೆಯಿಲ್ಲದೆ ಒಂದು ಮಾತೂ ಆಡಬಾರದೆಂದು ಕಲಿತವನು. "ಈ ಆಟ ಯಾಕೆ ಸಾಯಲ್ಲ ಗೊತ್ತಾ? ಮನೆ ಬಿಟ್ಟು ಹೊರಡೋ ಧೈರ್ಯ ಕಲಿಸುತ್ತೆ" ಎಂದ. ನನಗೆ ನಗು ಬಂತು. ಒಳ್ಳೆಯ ನಗುವಲ್ಲ.

ಆ ಆಟದಲ್ಲಿ ಇರುವುದಾದರೂ ಏನು, ನೀವೇ ಹೇಳಿ. ಹೆಬ್ಬೆರಳಷ್ಟು ಎತ್ತರದ ಒಬ್ಬ ಹುಡುಗ, ಒಂದು ಕತ್ತಿ, ನಾಲ್ಕು ಮನೆಯ ಊರು. ಆ ಊರಿನವರನ್ನು ಎಷ್ಟು ಸಲ ಮಾತಾಡಿಸಿದರೂ ಅದೇ ಒಂದು ವಾಕ್ಯ ಒಪ್ಪಿಸುತ್ತಾರೆ, ಚುನಾವಣೆಗೆ ನಿಂತವರ ಹಾಗೆ. ಹುಡುಗ ಯಾರದೋ ಮನೆಗೆ ನುಗ್ಗಿ ಮಡಕೆ ಒಡೆದರೂ ಕೇಳುವವರಿಲ್ಲ. ಬೇಲಿಯ ಪಕ್ಕದ ಹುಲ್ಲು ಕೊಯ್ದರೆ ಅದರೊಳಗಿಂದ ಚಿನ್ನದ ಕಾಸು ಉದುರುತ್ತದೆ. ಸೇತುವೆ ದಾಟಿದರೆ ಗವಿ, ಗವಿಯಲ್ಲಿ ಭೂತ, ಎಲ್ಲ ಮುಗಿದ ಮೇಲೆ ಗೋಪುರದಲ್ಲಿ ಒಬ್ಬಳು ರಾಜಕುಮಾರಿ. ಆಟದುದ್ದಕ್ಕೂ ಅವಳಿಗಿರುವ ಕೆಲಸ ಕಾಯುವುದೊಂದೇ. ಇದನ್ನು ಮಹಾಕಾವ್ಯವೆಂದು ಕರೆಯುವವರು ಮಹಾಕಾವ್ಯವನ್ನೂ ಓದಿಲ್ಲ, ಹುಲ್ಲನ್ನೂ ಕೊಯ್ದಿಲ್ಲ.

ಧನಗೆರೆಯ ನಮ್ಮ ಮನೆಗೆ ಅದು ಬಂದದ್ದು ಮಾದಪ್ಪನ ಬೆಟ್ಟದಿಂದ. ಚಿಕ್ಕಪ್ಪ ಆಗ ಬೆಟ್ಟದ ಒಂದು ಲಾಡ್ಜಿನಲ್ಲಿ ರೂಮ್ ಬಾಯ್ ಆಗಿದ್ದ. ಯಾತ್ರೆಗೆ ಬಂದ ಯಾವುದೋ ಮಗು ಹಾಸಿಗೆಯಡಿ ಬಿಟ್ಟುಹೋದದ್ದನ್ನು ಬಹಳ ದಿನ ಯಾರೂ ಕೇಳಿಕೊಂಡು ಬರಲಿಲ್ಲವಾಗಿ, ಟವೆಲ್ಲಿನಲ್ಲಿ ಸುತ್ತಿಕೊಂಡು ತಂದ. ನಮ್ಮದು ರೇಷ್ಮೆಹುಳು ಸಾಕುವ ಮನೆ. ಹುಳು ಮೇಯುವ ದಿನಗಳಲ್ಲಿ ಮನುಷ್ಯರಿಗೆ ಊಟದ ಹೊತ್ತೂ ಇರುತ್ತಿರಲಿಲ್ಲ. ಸೊಪ್ಪು ಕೊಯ್ಯುವುದು, ಹೆಚ್ಚುವುದು, ತಟ್ಟೆಗೆ ಉದುರಿಸುವುದು, ಮತ್ತೆ ತೋಟಕ್ಕೆ ಓಡುವುದು. ಆದರೆ ಹುಳು ಒಂದು ಬೆಳೆಯಲ್ಲಿ ನಾಲ್ಕು ಸಲ ಪೊರೆ ಬಿಡಲು ಮೇವು ನಿಲ್ಲಿಸಿ, ತಲೆ ಎತ್ತಿಕೊಂಡು ಅಲುಗದೆ ಮಲಗುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಹುಳುವಿಗೆ ಜ್ವರ ಬಂದರೆ ಮನೆಗೆ ರಜೆ. ಹುಳು ನೋಡುವ ಸಣ್ಣ ಟಾರ್ಚಿಗೂ ಆಗ ಕೆಲಸವಿಲ್ಲ, ಅದರ ಎರಡು ಸೆಲ್ ಬಿಚ್ಚಿ ಆಟಕ್ಕೆ ಹಾಕುತ್ತಿದ್ದೆವು. ಪರದೆಗೆ ಸ್ವಂತ ಬೆಳಕಿರಲಿಲ್ಲ. ಹೊಸ್ತಿಲ ಮೇಲೆ ಬಿಸಿಲಿಗೆ ಓರೆಯಾಗಿ ಹಿಡಿದುಕೊಂಡು, ಒಬ್ಬರ ಭುಜದ ಮೇಲೊಬ್ಬರು ಬಗ್ಗಿ ನೋಡಬೇಕಿತ್ತು. ಅಜ್ಜಿಯೂ ಬಗ್ಗುತ್ತಿದ್ದಳು.

ಅಂಥದೊಂದು ಬೆಳೆಯ ನಡುವೆ ಅಪ್ಪನ ತಂಗಿ ರಾಜತ್ತೆ ಹನೂರಿನ ಗಂಡನ ಮನೆಯಿಂದ ಬಂದಳು. ಯಾಕೆ ಬಂದಳೆಂದು ಯಾರೂ ನನಗೆ ಹೇಳಲಿಲ್ಲ. ಅವಳ ಎಡಗೈ ಮಣಿಕಟ್ಟು ನೆಟ್ಟಗೆ ಕೂಡಿರಲಿಲ್ಲ. ಆಟದ ಗುಂಡಿ ಒತ್ತಲು ಅವಳು ಪಡುತ್ತಿದ್ದ ಕಷ್ಟ ನೋಡಿಯೇ ನನಗದು ತಿಳಿದದ್ದು. ಅತ್ತೆ ಆಡುತ್ತಿದ್ದ ರೀತಿಯೋ, ದೇವರಿಗೇ ಪ್ರೀತಿ. ಹುಡುಗನನ್ನು ಊರಾಚೆ ಬಿಡುತ್ತಲೇ ಇರಲಿಲ್ಲ. ಬರೀ ಹುಲ್ಲು ಕೊಯ್ಯಿಸುತ್ತಿದ್ದಳು.

"ಸೇತ್ವೆ ದಾಟ್ಸತ್ತೆ! ಗವಿಗೆ ಓಗ್ಬೇಕು ಅವ್ನು."

"ಯಾಕ್ ಓಗ್ಬೇಕು ಕೂಸು? ಮನ ಅದೆ, ಉಲ್ ಅದೆ, ಕುಯ್ದಂಗೆಲ್ಲಾ ಕಾಸ್ ಬೀಳ್ತದೆ. ಯಾವ್ ಗಾಚಾರಕ್ಕೆ ಭೂತುನ್ ತಾವ್ಕೆ ಓದನು?"

"ನಮ್ ಬದೀಲಿ ಉಲ್ ಕುಯ್ದ್ರೆ ಬೆನ್ನೇ ಬೀಳ್ತದೆ ಕಣವ್ವ, ಕಾಸೆಲ್ ಬೀಳ್ತದೆ!" ಎಂದು ಅಜ್ಜಿ ಒಳಗಿಂದಲೇ ಕೂಗಿದಳು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ನಾಲ್ಕನೇ ಜ್ವರದ ದಿನ, ಹುಳು ಮಲಗಿ ಮನೆಯವರೆಲ್ಲ ಬಿಡುವಾಗಿರುವ ಹೊತ್ತನ್ನೇ ನೋಡಿಕೊಂಡು, ಹನೂರಿನಿಂದ ಅವಳ ಗಂಡನ ಅಣ್ಣ ಮತ್ತು ಆ ಊರಿನ ಯಜಮಾನರೊಬ್ಬರು ಬಂದರು. ಜಗಲಿಯ ಮೇಲೆ ಕಾಫಿ ಆಯಿತು. "ಮನ ಅಂದ್ಮೇಲೆ ಒಂದ್ ಮಾತ್ ಬತ್ತದೆ, ಓಯ್ತದೆ. ಕಳ್ಸ್‌ಕೊಡಪ್ಪ" ಎಂದರು ಯಜಮಾನರು. ಒಂದು ಮಾತಿಗೆ ಮಣಿಕಟ್ಟು ಮುರಿಯುತ್ತದೆಯೇ ಎಂದು ಕೇಳುವವರು ಆ ಜಗಲಿಯ ಮೇಲೆ ಇರಲಿಲ್ಲ. ನನಗೆ ವಾದ ಮಾಡಲು ಬಂದದ್ದು ತಡವಾಗಿ. ಅಪ್ಪ ಕಂಬಕ್ಕೆ ಒರಗಿಕೊಂಡು, ಒಳಗಿದ್ದ ಅತ್ತೆಗೆ ಕೇಳುವ ಹಾಗೆ, "ಓಗ್ಬುಟ್ ನೋಡವ್ವ. ಸರಿ ಬರ್ನಿಲ್ವಾ, ಬಂದ್ಬುಡು. ಮನ ಎಲ್ಗಾರಾ ಓಡೋದದಾ?" ಎಂದ. ಅಜ್ಜಿ ಜ್ವರದಲ್ಲಿದ್ದ ಹುಳುವಿನ ತಟ್ಟೆಯನ್ನು ಸುಮ್ಮನೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಅತ್ತೆ ಹಿತ್ತಿಲ ಬಾಗಿಲಲ್ಲಿ ಕೂತು, ನನ್ನ ಕೈಯಿಂದ ಆಟ ಇಸಕೊಂಡು, ಮೊದಲ ಸಲ ಹುಡುಗನನ್ನು ಸೇತುವೆ ದಾಟಿಸಿದಳು. ಗವಿಯೊಳಗೆ ಕಾಲಿಟ್ಟನೋ ಇಲ್ಲವೋ, ಒಂದು ಬಾವಲಿ ಬಂದು ಹೊಡೆಯಿತು, ಇನ್ನೊಂದು ಹೊಡೆಯಿತು, ಸತ್ತ. ಪರದೆ ಕಪ್ಪಾಯಿತು. ಆಮೇಲೆ ಆ ಹುಡುಗ ತನ್ನ ಮನೆಯ ಮಂಚದ ಮೇಲೆ, ಏನೂ ಆಗದವನಂತೆ ಎದ್ದು ಕೂತ.

"ಐ, ನೋಡ್ ಕೂಸು! ಸತ್ರೂವೆ ಮನೇಲೇ ಎದ್ದೌನಲ್ಲಾ!"

"ಅದು ಅಂಗೇ ಅತ್ತೆ. ಎಷ್ಟ್ ಸತಿ ಸತ್ರೂ ಅಲ್ಲೇ ಏಳದು."

"ಅಂಗಾರೆ ಓಗ್ಬೌದು ಬುಡು" ಎಂದು ಅತ್ತೆ ಎದ್ದು ಸೀರೆ ಕೊಡವಿಕೊಂಡಳು. ಸಂಜೆಯ ಬಸ್ಸಿಗೆ ಅವರ ಜೊತೆ ಹೊರಟಳು.

ಆಟದ ಮಾತು ನಂಬಿ ಯಾವ ಹೆಂಗಸೂ ಹೊಡೆಯುವ ಗಂಡನ ಮನೆಗೆ ಹೋಗುವುದಿಲ್ಲ, ಹೋದಳೆಂದು ವೇದಿಕೆಯಲ್ಲಿ ಯಾರಾದರೂ ವಾದಿಸಿದರೆ ನಾನೇ ಕೆಡವುತ್ತೇನೆ. ಅವಳನ್ನು ಕಳಿಸಿದ್ದು ಜಗಲಿ. ಆದರೆ ಜಗಲಿಯೂ ಆಟವೂ ಆಡಿದ್ದು ಒಂದೇ ಸುಳ್ಳು. ಹೋಗು, ಮನೆ ಇದ್ದಲ್ಲೇ ಇರುತ್ತದೆ. ಆ ಆಟದ ಮೋಡಿಯೆಲ್ಲ ಇರುವುದು ಇಷ್ಟರಲ್ಲೇ, ಗೆಳೆಯರು ಅಳುವುದೂ ಇದಕ್ಕೇ. ಬಿಟ್ಟುಬಂದ ಮನೆ ಬಾಗಿಲು ತೆರೆದುಕೊಂಡು ಕಾಯುತ್ತಿರುತ್ತದೆಂಬ ಖಾತ್ರಿ ಇದ್ದವನು ಗವಿಗೆ ಹೋಗುವುದನ್ನು ಧೈರ್ಯ ಅನ್ನುತ್ತಾರೆಯೇ? ಅದು ಪಿಕ್ನಿಕ್.

ಮುಂದಿನ ಬೇಸಿಗೆಯಲ್ಲಿ ಅಜ್ಜಿ ತೀರಿಹೋದಳು. ಮಳೆಗಾಲ ಕಳೆಯುವುದರೊಳಗೆ ಅಪ್ಪ, ಚಿಕ್ಕಪ್ಪ ಭಾಗವಾದರು. ಹುಳುಮನೆಯ ನಟ್ಟನಡುವೆ ಇಟ್ಟಿಗೆ ಗೋಡೆ ಎದ್ದಿತು. ಆ ಕಡೆಗೂ ಈ ಕಡೆಗೂ ತಟ್ಟೆ ಇಡುವಷ್ಟು ಜಾಗ ಉಳಿಯಲಿಲ್ಲ, ಹುಳು ಸಾಕುವುದು ನಿಂತಿತು. ಗೋಡೆಯ ಗಾರೆ ಇನ್ನೂ ಒಣಗಿರಲಿಲ್ಲ, ಅತ್ತೆ ಒಂದು ಚೀಲ ಹಿಡಿದುಕೊಂಡು ಬಂದಳು. "ನಮ್ ಕಡೆ ಇರದೇ ಒಂದ್ ರೂಮು ಕಣವ್ವ, ಅವನ್ನ ಕೇಳ್ನೋಡು" ಎಂದ ಅಪ್ಪ. "ದೊಡ್ಡೋನು ಅವ್ನು. ಅವ್ನ್ ಬುಟ್ಟು ನಾನ್ ಎಂಗ್ ಇರುಸ್ಕಳ್ಳಿ?" ಎಂದ ಚಿಕ್ಕಪ್ಪ. ಇಬ್ಬರ ಮಾತಿನಲ್ಲೂ ತಪ್ಪು ಹುಡುಕಲು ಸಾಧ್ಯವಿರಲಿಲ್ಲ. ಅಷ್ಟು ಅಚ್ಚುಕಟ್ಟಾದ ವಾದವನ್ನು ನಾನು ಮುಂದೆ ಯಾವ ಸ್ಪರ್ಧೆಯಲ್ಲೂ ಕೇಳಲಿಲ್ಲ.

ಅತ್ತೆ ಅಂಗಳದಲ್ಲೇ ಕೂತು ನೀರು ಕುಡಿದಳು. ಬೇರೆ ಏನೂ ಕೇಳಲು ತೋಚದೆ ಇರಬೇಕು, "ಆ ಉಡ್ಗ ಎಲ್ಗಂಟ ಓದ್ನವ್ವ?" ಎಂದಳು.

"ಮುಗೀತತ್ತೆ. ರಾಜ್‌ಕುಮಾರಿ ಸಿಕ್ಬುಟ್ಲು."

"ಆಮೇಕೆ ಮನಗ್ ಬರ್ನಿಲ್ವಾ?"

"ಅದ್ ತೋರ್ಸಲ್ಲತ್ತೆ. ಅಲ್ಗೇ ಮುಗೀತದೆ."

ಅತ್ತೆ ತಲೆಯಾಡಿಸಿ, ಲೋಟ ಬೋರಲು ಹಾಕಿ, ಹನೂರಿನ ಬಸ್ಸಿಗೆ ನಡೆದಳು.

ಅವಳು ತೀರಿಕೊಂಡ ಸುದ್ದಿ ಬಂದದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಕಾಮಾಲೆ ಎಂದರು. ಹೆಣ್ಣು ಸತ್ತರೆ ಹೊದಿಸುವ ಸೀರೆಯನ್ನು ತವರಿನವರೇ ತರಬೇಕು. ತವರು ಎರಡಾಗಿತ್ತಲ್ಲ, ಎರಡು ಸೀರೆ ಬಂದವು. ಕೊಳ್ಳೇಗಾಲದ ಬೇರೆ ಬೇರೆ ಅಂಗಡಿಗಳಲ್ಲಿ ಕೊಂಡವು, ಎರಡೂ ರೇಷ್ಮೆಯವು. ಬದುಕಿದ್ದಷ್ಟು ದಿನ ಅತ್ತೆ ರೇಷ್ಮೆ ಉಟ್ಟದ್ದನ್ನು ನಾನು ಕಂಡಿರಲಿಲ್ಲ. ಯಾರದು ಮೇಲೆ ಬರಬೇಕೆಂದು ಅಪ್ಪ, ಚಿಕ್ಕಪ್ಪ ಒಂದು ಕ್ಷಣ ಮುಖ ಮುಖ ನೋಡಿಕೊಂಡರು. ದೊಡ್ಡವನದು ಮೇಲಿರಲಿ ಎಂದಿತು ಗುಂಪಿನಿಂದ ಒಂದು ದನಿ. ಹಾಗೇ ಹೊದಿಸಿದರು. ಅತ್ತೆ ಎಷ್ಟು ಸಣ್ಣಗಾಗಿದ್ದಳೆಂದರೆ, ಒಂದೇ ಸೀರೆ ಸಾಕಿತ್ತು.