ಹೆಬ್ಬೆಟ್ಟು ಒತ್ತುವ ಮೊದಲು

ಕಳೆದ ವಾರ ಪೋಸ್ಟ್ ಆಫೀಸಿನಲ್ಲಿ ನನ್ನ ಮುಂದೆ ನಿಂತಿದ್ದ ಮುದುಕಿಯೊಬ್ಬರು ಪಿಂಚಣಿಗೆ ಹೆಬ್ಬೆಟ್ಟು ಒತ್ತಿ, ಬೆರಳನ್ನು ಗೋಡೆಗೆ ಒರೆಸಿದರು. ಆ ಗೋಡೆಯ ತುಂಬ ಅಂಥ ನೀಲಿ ಗೀರುಗಳೇ ಇವೆ. ಉಳಿದ ಶಾಯಿಯನ್ನು ತಲೆಗೂದಲಿಗೆ ಸವರಿಕೊಂಡರು. ಸ್ಟ್ಯಾಂಪ್ ಪ್ಯಾಡಿನ ವಾಸನೆಯೂ ಅವರ ತಲೆಯ ಕೊಬ್ಬರಿ ಎಣ್ಣೆಯ ವಾಸನೆಯೂ ಒಟ್ಟಿಗೆ ಮೂಗಿಗೆ ಬಂದವು. ನಾನು ಸಾಲು ಬಿಟ್ಟು ಬೆಂಚಿನ ಮೇಲೆ ಕುಳಿತುಕೊಂಡೆ...

ಲಾಯರಮ್ಮ ಇದ್ದಿದ್ದರೆ ಗೋಡೆಗೆ ಒರೆಸಲು ಬಿಡುತ್ತಿರಲಿಲ್ಲ. ಅವರ ಚೀಲದಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬಿ ಇರುತ್ತಿತ್ತು. ಅದರಲ್ಲಿ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿ. ಯಾರೇ ಹೆಬ್ಬೆಟ್ಟು ಒತ್ತಲಿ, ಆ ಬೆರಳನ್ನು ತಾವೇ ಹಿಡಿದುಕೊಂಡು ಉಗುರಿನ ಸಂದಿಯವರೆಗೂ ಒರೆಸಿ ಬಿಡುತ್ತಿದ್ದರು. ಸಗಣಿ ಬಾಚಿದ ಕೈ, ಕಲ್ಲು ಹೊತ್ತ ಕೈ ಎಂದು ನೋಡುತ್ತಿರಲಿಲ್ಲ.

ಅವರು ಬೆಂಗಳೂರಿನ ಒಂದು ಫೈನಾನ್ಸ್ ಕಂಪನಿಯಲ್ಲಿ ವಕೀಲರಾಗಿದ್ದರು. ಮನೆ ಚಿನ್ನದ ಗಣಿ ಇದ್ದ ಉರಿಗಾಂನಲ್ಲಿ, ಒಬ್ಬರೇ. ಮಾರಿಕುಪ್ಪಂನಿಂದ ಬರುವ ಬೆಳಗಿನ ರೈಲಿನಲ್ಲಿ ದಿನವೂ ಹೋಗಿ ಬರುತ್ತಿದ್ದರು. ನಮ್ಮ ಕಡೆಯ ಸಾಲದ ಪತ್ರಗಳಿಗೆಲ್ಲ ಅವರ ಎದುರೇ ಸಹಿ ಆಗಬೇಕಿತ್ತು. ಬಂಗಾರಪೇಟೆಯಲ್ಲಿ ನಮ್ಮ ಮನೆ ಸ್ಟೇಷನ್ನಿಗೆ ಹತ್ತಿರ. ಬೀದಿಯ ಹೆಂಗಸರ ಸಂಘಕ್ಕೆ ಹಸು ಕೊಳ್ಳಲು ಸಾಲ ಸಿಕ್ಕಾಗ, ಎಲ್ಲರನ್ನೂ ಕೂರಿಸಲು ನಮ್ಮ ಪಡಸಾಲೆಯನ್ನೇ ಕೇಳಿದರು. ನಾನು ಅವರನ್ನು ಮೊದಲು ನೋಡಿದ್ದು ಆಗ.

ಅವರ ಕ್ರಮವೇ ಬೇರೆ. ಪತ್ರದಲ್ಲಿ ಇರುವುದನ್ನು ಮೊದಲು ಅವರವರ ಮನೆಮಾತಿನಲ್ಲಿ ಹೇಳುವರು. ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ, ತಮಿಳಿನವರಿಗೆ ತಮಿಳಿನಲ್ಲಿ. ಆಮೇಲೆ ಕಾಗದ ಮುಚ್ಚಿಟ್ಟು, "ಈಗ ನಿಮ್ಮ ಸೊಸೆಗೆ ಹೇಳೋ ಹಂಗೆ ನಂಗೆ ತಿರುಗಿ ಹೇಳಿ" ಎನ್ನುವರು. ಹೇಳಲು ಬಾರದಿದ್ದರೆ ಆ ದಿನ ಸಹಿ ಇಲ್ಲ.

ಹಾಲು ಹಾಕುವ ಹೆಂಗಸೊಬ್ಬಳು ಎದ್ದು ನಿಂತು ಪಾಠ ಒಪ್ಪಿಸುವಂತೆ ಹೇಳಿದಳು. "ನಾನ್ ಕಟ್ಟಲಿಲ್ಲ ಅಂದ್ರೆ ಇವ್ಳು ಕಟ್ಬೇಕು. ಇವ್ಳು ಕಟ್ಟಲಿಲ್ಲ ಅಂದ್ರೆ ನಾನ್ ಕಟ್ಬೇಕು. ಇಬ್ರೂ ಕಟ್ಟಲಿಲ್ಲ ಅಂದ್ರೆ ನೀವ್ ಮನೆ ತಾವ್ಕೆ ಬತ್ತೀರ."

"ನಾನ್ ಬರಲ್ಲ ಕಣಮ್ಮ, ಇವ್ರು ಬರ್ತಾರೆ" ಎಂದು ಲಾಯರಮ್ಮ ಕಂಪನಿಯ ಫೀಲ್ಡ್ ಆಫೀಸರನ್ನು ತೋರಿಸಿದರು. ಎಲ್ಲರೂ ನಕ್ಕರು. ಆತನಿಗೆ ಮಾತ್ರ ಊಟದ ಹೊತ್ತು ಮೀರಿತ್ತು. ನನ್ನ ಕಡೆ ಬಗ್ಗಿ, "ಬಿಟ್ರೆ ಈಯಮ್ಮ ಹಸೂನೂ ಒಪ್ಪಿದ್ಯಾ ಅಂತ ಕೇಳ್ತಾರೆ ಕಣಕ್ಕ" ಎಂದ.

ಆ ದಿನ ನಾನೂ ನಕ್ಕಿದ್ದೆ.

ನಂತರದ ವರ್ಷ ನಮ್ಮ ಮನೆಯವರಿಗೆ ತಲೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಬಲಗೈ ಬಿದ್ದುಹೋಯಿತು, ಮಾತು ಹೋಯಿತು. ಆಪರೇಷನ್ ಮಾಡಬಹುದು, ಎಷ್ಟು ಗುಣವಾಗುತ್ತದೋ ಹೇಳಲಾಗದು ಎಂದರು ಬೆಂಗಳೂರಿನ ಡಾಕ್ಟರು. ನನಗೆ ಅಷ್ಟು ಸಾಕಾಗಿತ್ತು. ಮಕ್ಕಳಿಲ್ಲದ ನಮಗೆ ಇದ್ದದ್ದು ಆ ಮನೆ ಒಂದೇ, ಅದೂ ಅವರ ಹೆಸರಿನಲ್ಲಿ. ಅದನ್ನು ಅಡ ಇಟ್ಟು ಸಾಲ ತೆಗೆಯೋಣವೆಂದು ಫೀಲ್ಡ್ ಆಫೀಸರನ್ನು ನಾನೇ ಹುಡುಕಿಕೊಂಡು ಹೋದೆ.

ಆತ ಕೆಟ್ಟವನಲ್ಲ. ಲಾಯರಮ್ಮ ಬರುವುದಕ್ಕೆ ಮೊದಲೇ ಬಂದು ನಮ್ಮ ಮನೆಯವರ ಪಕ್ಕ ಕುಳಿತು, "ಅಣ್ಣ, ಏನ್ ಕೇಳಿದ್ರೂ ಹೂಂ ಅನ್ನು. ಅಷ್ಟೇ. ಹೂಂ" ಎಂದು ಹೇಳಿಕೊಟ್ಟ. ಅವರು ಹೂಂ ಎಂದರು.

ಲಾಯರಮ್ಮ ಮಂಚದ ಎದುರು ಕುರ್ಚಿ ಎಳೆದುಕೊಂಡರು.

"ಅಣ್ಣ, ಈ ಮನೆ ನಿಮ್ದಾ?"

"ಹೂಂ."

"ಇದನ್ನ ಅಡ ಇಡೋಕೆ ಒಪ್ಪಿದೀರಾ?"

"ಹೂಂ."

ಲಾಯರಮ್ಮ ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿ, "ನಾನು ನಿಮ್ಮ ಅತ್ತೆನಾ?" ಎಂದರು.

"ಹೂಂ."

ಫೀಲ್ಡ್ ಆಫೀಸರ್ ಕೆಮ್ಮಿದ. "ಮಾತ್ ಓಗ್ಯದೆ ಅಷ್ಟೇ ಮೇಡಂ, ಒಳಗೆಲ್ಲ ತಿಳೀತದೆ. ಕೈ ಹಿಡ್ಕೊಂಡು ನಾನೇ ಒತ್ತಿಸ್ತೀನಿ ಬಿಡಿ."

"ಒತ್ತಿಸ್ಬೋದು. ಗುರುತೂ ಬೀಳುತ್ತೆ. ಆದ್ರೆ ಒಪ್ಪಿಗೆ ನಿಮ್ದಾಗುತ್ತೆ, ಅವ್ರದ್ದಲ್ಲ."

ಅವರ ಬದಲು ನಾನು ಸಹಿ ಹಾಕಿದರೆ ಆಗದೇ ಎಂದು ಕೇಳಿದೆ. ಆಗದು ಎಂದರು. ನನಗೆ ಅಧಿಕಾರ ಪತ್ರ ಬರೆದುಕೊಡಬೇಕಾದರೂ ಅವರಿಗೆ ಅದೇ ತಿಳಿವು ಇರಬೇಕು. ಕೋರ್ಟಿಗೆ ಹೋದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಇವನ್ನೆಲ್ಲ ಅವರು ನಿಧಾನವಾಗಿ, ನನಗೆ ತಿಳಿಯುವ ಹಾಗೆ ಹೇಳಿದರು. ಕೊನೆಗೆ, "ದಿನಾ ಪೂರ್ತಿ ಚೆನ್ನಾಗಿರ್ಬೇಕು ಅಂತ ಕಾನೂನು ಕೇಳಲ್ಲ ಅಕ್ಕ. ಒಪ್ಪೋ ಹೊತ್ತಿಗೆ ಒಪ್ತಿರೋದು ಏನು ಅಂತ ತಿಳಿದಿದ್ರೆ ಸಾಕು. ಯಾವ ಹೊತ್ತಲ್ಲಿ ಸ್ವಲ್ಪ ಹುಷಾರಾಗಿರ್ತಾರೆ?" ಎಂದರು.

"ಬೆಳಿಗ್ಗೆ ಎದ್ದಾಗ" ಎಂದೆ.

ಮಾರನೆಯ ದಿನದಿಂದ ಅವರು ಒಂದು ರೈಲು ಮುಂಚೆಯೇ ಉರಿಗಾಂ ಬಿಟ್ಟು ಬರತೊಡಗಿದರು. ನಮ್ಮ ಮನೆಯಲ್ಲಿ ಕುಳಿತು, ಮುಂದಿನ ರೈಲಿಗೆ ಬೆಂಗಳೂರಿಗೆ ಹೋಗುವರು. ಕಂಪನಿ ಇದಕ್ಕೆ ಏನೂ ಕೊಡುತ್ತಿರಲಿಲ್ಲ. ಮೊದಲ ಕೆಲವು ದಿನ ಏನೂ ಆಗಲಿಲ್ಲ. ಏನು ಕೇಳಿದರೂ ಹೂಂ. ಒಂದು ಬೆಳಿಗ್ಗೆ ನಾನು ಕೊಟ್ಟ ಕಾಫಿ ಲೋಟ ಕೈ ಸುಟ್ಟಿತೋ ಏನೋ, ಲಾಯರಮ್ಮ ತಮ್ಮಷ್ಟಕ್ಕೇ ತಮಿಳಿನಲ್ಲಿ "ಅಯ್ಯೋ, ಸುಡುದು" ಎಂದರು.

ಮಂಚದ ಮೇಲಿದ್ದವರು ತಲೆ ತಿರುಗಿಸಿ, "ಸುಡುದಾ?" ಎಂದರು.

ಕಾಯಿಲೆ ಬಿದ್ದ ಮೇಲೆ ಅವರು ಯಾರನ್ನಾದರೂ ಏನಾದರೂ ಕೇಳಿದ್ದು ಅದೇ ಮೊದಲು.

ನಮ್ಮ ಮನೆಯವರು ಹುಟ್ಟಿ ಬೆಳೆದದ್ದು ಉರಿಗಾಂನ ಗಣಿ ಕಾಲೊನಿಯಲ್ಲಿ. ಮನೆಮಾತು ತಮಿಳು. ನಾನು ಬಂಗಾರಪೇಟೆ ಪಕ್ಕದ ಹಳ್ಳಿಯವಳು. ಮದುವೆಯಾದ ಮೇಲೆ ನನಗಾಗಿ ಅವರು ಕನ್ನಡ ರೂಢಿಸಿಕೊಂಡರು. ಇಷ್ಟು ವರ್ಷ ನಾವು ಆಡಿದ್ದು, ಜಗಳವಾಡಿದ್ದು ಎಲ್ಲ ಕನ್ನಡದಲ್ಲೇ. ಕಾಯಿಲೆ ಅದನ್ನೇ ಮೊದಲು ತೆಗೆದುಕೊಂಡಿತ್ತು. ಅವರ ತಾಯಿ ಕಲಿಸಿದ್ದು ಮಾತ್ರ ಎಲ್ಲೋ ತಳದಲ್ಲಿ ಉಳಿದಿತ್ತು. ನನಗೆ ಅಂಗಡಿಯಲ್ಲಿ ಚೌಕಾಶಿ ಮಾಡುವಷ್ಟು ತಮಿಳು ಬರುತ್ತಿತ್ತು, ಅಷ್ಟೇ. ಬೆಳಗಿನ ಹೊತ್ತು ಅವರಿಬ್ಬರೂ ಮಾತಾಡುವಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದೆ. ನನ್ನ ಮನೆಯಲ್ಲಿ ನಾನೇ ನೆಂಟಳಂತೆ...

ಹೀಗೆ ಅವರು ದಿನದಿಂದ ದಿನಕ್ಕೆ ಸ್ವಲ್ಪ ತಿಳಿಯಾದರು. ಕಡೆಗೊಂದು ಬೆಳಿಗ್ಗೆ ಲಾಯರಮ್ಮ ಫೀಲ್ಡ್ ಆಫೀಸರನ್ನೂ ಬರಹೇಳಿದರು. ನನಗೆ ಜೀವ ಬಂದ ಹಾಗಾಯಿತು. ಅವರಿಗೆ ಮುಖ ತೊಳೆಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿದೆ.

ಲಾಯರಮ್ಮ ಪತ್ರದಲ್ಲಿದ್ದುದನ್ನು ತುಂಡು ತುಂಡು ಮಾಡಿ ತಮಿಳಿನಲ್ಲಿ ಹೇಳಿದರು. ಆಸ್ಪತ್ರೆ, ಸಾಲ, ಕಂತು, ಮನೆ. ಆಮೇಲೆ ಕಾಗದ ಮುಚ್ಚಿ, ತಿರುಗಿ ಹೇಳಿ ಎಂದರು. ನಮ್ಮ ಮನೆಯವರು ಬಹಳ ಹೊತ್ತು ತೆಗೆದುಕೊಂಡರು. ಬೆವರಿದರು. ತಲೆಗೆ ಆಪರೇಷನ್ ಎಂದು ಹಣೆ ಮುಟ್ಟಿ ತೋರಿಸಿದರು. "ಕಟ್ಟಲೇನಾ ವೀಡು ಪೋಯಿಡುಂ" ಎಂದರು. ಕಟ್ಟದಿದ್ದರೆ ಮನೆ ಹೋಗುತ್ತದೆ.

"ಸರಿ ಅಣ್ಣಾ. ಒಪ್ಪಿಗೆನಾ?" ಎಂದು ಲಾಯರಮ್ಮ ತಮಿಳಿನಲ್ಲಿ ಕೇಳಿದರು.

"ವೇಣಾಂ."

ಬೇಡ. ಎಡಗೈ ಎತ್ತಿ ನನ್ನ ಕಡೆ ತೋರಿಸಿದರು. "ವೀಡು ಅವಳುಕ್ಕು."

ಮನೆ ಅವಳಿಗೆ. ಅಷ್ಟು ತಮಿಳು ನನಗೆ ಬರುತ್ತಿತ್ತು.

ಲಾಯರಮ್ಮ ಇನ್ನೊಮ್ಮೆ, ಬೇರೆ ಮಾತಿನಲ್ಲಿ ಕೇಳಿದರು. ಅದೇ ಉತ್ತರ. ಅವರು ಪೆನ್ನಿನ ಕ್ಯಾಪ್ ಹಾಕಿದರು. ನಾನು ಲಾಯರಮ್ಮನ ಕೈ ಹಿಡಿದುಕೊಂಡೆ.

"ಮೇಡಂ, ಇಷ್ಟ್ ದಿನ ಅವ್ರಿಗೆ ತಿಳಿಯಾಕಿಲ್ಲ ಅಂತ ನೀವೇ ಏಳಿದ್ರಿ. ಈಗ ಬ್ಯಾಡ ಅಂದ ತಕ್ಷಣ ತಿಳೀತದೆ ಅಂತೀರಾ?"

"ಹೂಂ ಅಕ್ಕ. ಒಪ್ಪಿದ್ರೂ ಇವತ್ತು ತಿಳಿದಿತ್ತು ಅಂತ್ಲೇ ಬರೀತಿದ್ದೆ."

"ಅವ್ರು ಒಂಟೋದ್ರೆ ನಾನ್ ಈ ಮನೆ ಇಟ್ಕೊಂಡು ಏನ್ ಮಾಡ್ಲಿ?"

ಫೀಲ್ಡ್ ಆಫೀಸರ್ ನನ್ನ ಮುಖ ನೋಡಿ, ಲಾಯರಮ್ಮನ ಮುಖ ನೋಡಿ, "ಮೇಡಂ, ಯಾರ್ ನೋಡ್ತಾರೆ..." ಎಂದ.

"ಅವ್ರು ನೋಡ್ತಿದಾರಲ್ಲ" ಎಂದರು ಲಾಯರಮ್ಮ.

ನಿಜ. ಮಂಚದ ಮೇಲಿನಿಂದ ಅವರು ನಮ್ಮನ್ನೇ ನೋಡುತ್ತಿದ್ದರು. ಬಹಳ ದಿನಗಳಿಂದ ಖಾಲಿಯಾಗಿದ್ದ ಆ ಕಣ್ಣುಗಳಲ್ಲಿ ಅವತ್ತು ಅವರಿದ್ದರು.

ಮಾವಿನ ಕಾಯಿ ಮಾರುಕಟ್ಟೆಗೆ ಬರುವ ಮೊದಲೇ ಅವರು ತೀರಿಕೊಂಡರು. ಅಷ್ಟರವರೆಗೂ ಲಾಯರಮ್ಮ ಬೆಳಿಗ್ಗೆ ಬರುವುದನ್ನು ಬಿಡಲಿಲ್ಲ. ಪತ್ರದ ಕೆಲಸ ಮುಗಿದಿತ್ತು, ಆದರೂ ಬರುತ್ತಿದ್ದರು. ನಾನು ಕಾಫಿ ಇಟ್ಟು ಒಳಗೆ ಹೋಗಿಬಿಡುತ್ತಿದ್ದೆ. ಮುಖ ಕೊಟ್ಟು ಮಾತಾಡುವಷ್ಟು ಮನಸ್ಸಿರಲಿಲ್ಲ. ಅವರೂ ಅದನ್ನು ಎತ್ತಿ ಆಡಲಿಲ್ಲ. ಮಂಚದ ಪಕ್ಕ ಕುಳಿತು ಉರಿಗಾಂನ ಹಳೆಯ ಸಂಗತಿಗಳನ್ನು ಮಾತಾಡಿ ಎದ್ದು ಹೋಗುವರು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೂ ಬಂದರು. ಖಾಲಿ ಮಂಚದ ಎದುರು ಅದೇ ಕುರ್ಚಿಯಲ್ಲಿ ಕುಳಿತರು. ಆಗ ನಾನೇ ಕೇಳಿದೆ, ಅಷ್ಟು ದಿನ ಏನು ಮಾತಾಡುತ್ತಿದ್ದಿರಿ ಎಂದು. ಅಂದಿನಿಂದ ಅವರು ಬಂದಾಗಲೆಲ್ಲ ನೆನಪಾದಷ್ಟು ಕನ್ನಡದಲ್ಲಿ ಹೇಳತೊಡಗಿದರು. ಹೆಣ್ಣು ನೋಡಲು ಬಂದ ದಿನ ನಮ್ಮ ಹಳ್ಳಿಯ ನಾಯಿ ನಮ್ಮ ಮನೆಯವರನ್ನು ಅಟ್ಟಿಸಿಕೊಂಡು ಬಂದದ್ದು. ನಾನು ಮಾಡುವ ಸಾರಿನಲ್ಲಿ ಹುಣಸೆಹಣ್ಣು ಯಾವಾಗಲೂ ಹೆಚ್ಚು ಎನ್ನುವುದು. ಇಷ್ಟು ವರ್ಷ ಅದನ್ನು ನನಗೆ ಹೇಳಿರಲೇ ಇಲ್ಲ.

"ಇನ್ನೂ ಅವೆ ಅಕ್ಕ. ನೆನಪಾದಂಗೆ ಏಳ್ತೀನಿ" ಎನ್ನುತ್ತಿದ್ದರು. ನನ್ನ ಜೊತೆ ಆಡಿ ಆಡಿ ಅವರ ಮಾತೂ ನಮ್ಮ ಮಾತಿನ ಹಾಗೇ ಆಗಿತ್ತು.

ಈ ವರ್ಷ ಅವರು ಬರುವುದು ನಿಂತಿತು. ಕೆಲಸ ಹೆಚ್ಚಿರಬೇಕು ಎಂದುಕೊಂಡೆ. ಸ್ಟೇಷನ್ನಿನಲ್ಲಿ ಹೂ ಮಾರುವವಳು ಒಂದು ದಿನ, ಲಾಯರಮ್ಮ ಬೆಂಗಳೂರಿನ ಆಸ್ಪತ್ರೆಯಲ್ಲೇ ಹೋಗಿಬಿಟ್ಟರಂತೆ, ಅಲ್ಲೇ ಎಲ್ಲ ಮುಗಿಸಿದರಂತೆ ಎಂದಳು. ನನಗೆ ಯಾರೂ ತಿಳಿಸಲಿಲ್ಲ. ತಿಳಿಸಬೇಕೆಂದು ಯಾರಿಗೆ ಹೊಳೆಯಬೇಕು... ನಾನು ಅವರ ನೆಂಟಳಲ್ಲ. ಆ ಪತ್ರ ಆಗಲಿಲ್ಲವಾದ್ದರಿಂದ ಅವರ ಕಡತಗಳಲ್ಲೂ ನನ್ನ ಹೆಸರಿಲ್ಲ.

ಮನಸ್ಸು ತಡೆಯದೆ ಉರಿಗಾಂಗೆ ಹೋದೆ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಹೆಂಗಸು ಹೊರಗೆ ಬಂದು, "ನೀವು ಅವ್ರಿಗೆ ಏನಾಗ್ಬೇಕು?" ಎಂದು ಕೇಳಿದಳು.

"ನಮ್ಮನೇಗೆ ಬತ್ತಿದ್ರು" ಎಂದೆ.

ಆಕೆ ಒಂದು ಲೋಟ ನೀರು ತಂದು ಕೊಟ್ಟಳು.

ಈಗ ಈ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ. ನಮ್ಮ ಮನೆಯವರು ಕೊನೆಯ ದಿನಗಳಲ್ಲಿ ಆಡಿದ್ದನ್ನು ಕೇಳಿದ್ದವರು ಇಬ್ಬರೇ. ಅವರಲ್ಲಿ ಅರ್ಥ ಮಾಡಿಕೊಂಡಿದ್ದವರು ಹೋದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಉಳಿದಿದ್ದೇನೆ.