ಅವರಿಗೆ ಕೇಳಿದ್ರಾ?

ಅಂಕೋಲೆಯ ನೋಂದಣಿ ಕಚೇರಿ ಎದುರು ಕಾಗದಪತ್ರ ಬರೆದುಕೊಡುವವರೊಬ್ಬರಿದ್ದರು. ಕಂಪ್ಯೂಟರ್ ಬಂದ ಮೇಲೂ ಮೊದಲು ಕೈಯಲ್ಲೇ ಬರೆಯುತ್ತಿದ್ದರು. ಮಾತಾಡುವುದೇ ದಣಿವು ಎಂಬಂಥ ಮುಖ. ಹಾರವಾಡದ ಮೀನುಗಾರರಾದ ನಾವು ಮೃತ್ಯುಪತ್ರ ಬರೆಸಲು ಹೋಗುತ್ತಿದ್ದುದು ಬೋಟು ದಡದಲ್ಲಿರುವ ಮಳೆಗಾಲದಲ್ಲಿ ಮಾತ್ರ. ಕಡಲಿಗಿಳಿಯುವ ದಿನಗಳಲ್ಲಿ ನಮ್ಮಲ್ಲಿ ಸಾವಿನ ಮಾತು ಎತ್ತುವುದಿಲ್ಲ.

ತಂದೆತಾಯಿ ಇಬ್ಬರೂ ಇಲ್ಲದಾದರೆ ಮಕ್ಕಳನ್ನು ಸಾಕುವವರು ಯಾರು ಎಂಬ ಸಾಲು ಬಂದೊಡನೆ ಅವರು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಅವರಿಗೆ ಕೇಳಿದ್ರಾ?" ಎನ್ನುತ್ತಿದ್ದರು. ಯಾರೂ ಕೇಳಿರುತ್ತಿರಲಿಲ್ಲ.

ನಾನು, ಹೆಂಡತಿ ಹೋದಾಗ ನನ್ನ ಅಕ್ಕನ ಹೆಸರು ಹೇಳಿದೆವು. ಅದೇ ಪ್ರಶ್ನೆ ಬಂತು. ನನಗೆ ಸಿಟ್ಟು ನೆತ್ತಿಗೇರಿತು.

"ಒಡಹುಟ್ಟಿದವ್ಳಿಗೆ ಕೇಳೂದೆಂತಕ್ಕೆ? ಅಣ್ಣ ಅತ್ತಿಗೆ ತೀರಿಹೋದಾಗ ಅವ್ರ ಎರಡು ಮಕ್ಕಳನ್ನ ಅವ್ಳೇ ಸಾಕ್ಲಿಲ್ವಾ?"

"ಆಗ ಕೇಳಿದ್ರಾ?"

ಹೆಂಡತಿಯನ್ನು ಮನೆಯಲ್ಲಿಳಿಸಿ, ಅದೇ ಬೈಕಿನಲ್ಲಿ ಸೀದಾ ಅಕ್ಕನ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಒಣಮೀನಿನ ತಲೆ ಮುರಿಯುತ್ತಿದ್ದಳು. ವಿಷಯ ಹೇಳಿ, "ನೀ ನೋಡ್ಕಂತ್ಯಾ?" ಎಂದೆ. ಅವಳ ಕೈ ನಿಂತಿತು.

"ಬ್ಯಾಡ ತಮ್ಮಾ. ನಂಗಾಗೂದಿಲ್ಲ," ಎಂದಳು. ಇನ್ನೊಂದು ಮೀನಿನ ತಲೆ ಮುರಿದು, "ಆಗ್ಲೂ ಆಗ್ತಿರ್ಲಿಲ್ಲ," ಎಂದಳು.

ಮರುದಿನ ಹೇಳಲು ಯಾವ ಹೆಸರೂ ಇಲ್ಲದೆ ಕಾಗದ ಬರೆಯುವವರೆದುರು ನಿಂತೆ. ಅವತ್ತು ಅವರು ಏನೂ ಕೇಳಲಿಲ್ಲ. ಮೇಜಿನ ಕೆಳಗಿದ್ದ ಸ್ಟೂಲನ್ನು ಕಾಲಲ್ಲಿ ನನ್ನತ್ತ ಸರಿಸಿದರು.