ಮಂತ್ರಿಯ ಒಂದು ಪ್ರಶ್ನೆ

ಆ ವರ್ಷ ಮಾವಿನ ಸುಗ್ಗಿ ಮುಗಿದ ಮೇಲೆ, ಯಲ್ದೂರಿನ ಹತ್ತಿರದ ನಮ್ಮ ಊರಿನಲ್ಲಿ ಪಾಳೇಗಾರರ ಕಾಲದ ನಾಟಕವೊಂದನ್ನು ಆಡಿದರು. ನನ್ನ ಅಣ್ಣ ಸೇನಾಪತಿ, ಚಿಕ್ಕಪ್ಪ ಮಂತ್ರಿ. ರಾಜನ ಪಾತ್ರ ಶ್ರೀನಿವಾಸಪುರದ ಮೇಷ್ಟ್ರೊಬ್ಬರದು. ಇಲ್ಲದ ಅನುಮಾನ ಹುಟ್ಟಿಸಿ ಮಂತ್ರಿ ಸೇನಾಪತಿಯನ್ನು ರಾಜ್ಯದಿಂದ ಓಡಿಸುವ ಕಥೆ. ಸ್ವಲ್ಪ ದಿನದಲ್ಲೇ ಪಂಚಾಯ್ತಿ ಚುನಾವಣೆಯಿತ್ತು. ಅಣ್ಣನೇ ನಿಲ್ಲಲಿ ಎಂದು ಊರಿನವರು ಹೇಳುತ್ತಿದ್ದರು. ಚಿಕ್ಕಪ್ಪನೂ ಆಗಲಿ ಎಂದಿದ್ದರು.

ನಾನು ಅಮ್ಮನ ಪಕ್ಕ ಚಾಪೆಯ ಮೇಲೆ ಕೂತಿದ್ದೆ. ಅಭ್ಯಾಸದಲ್ಲಿ ಕೇಳಿ ಕೇಳಿ ದರ್ಬಾರಿನ ಮಾತುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಚಿಕ್ಕಪ್ಪ ಅಣ್ಣನನ್ನು ನಿಧಾನವಾಗಿ ಒಂದು ಸುತ್ತು ಬಂದು, ನಾಟಕದಲ್ಲಿಲ್ಲದ ಮಾತೊಂದನ್ನು ಆಡಿದರು.

"ಪ್ರಭುಗಳೇ, ನಾನು ಯಾರನ್ನೂ ದೂರುವವನಲ್ಲ. ಒಂದೇ ಪ್ರಶ್ನೆ. ಸೇನಾಪತಿಗಳ ಕುದುರೆ ತಾಯಲೂರಿನ ಆ ದೊಡ್ಡ ಮನೆಯ ಮುಂದೆ ಯಾಕೆ ನಿಂತಿತ್ತು?"

ಜನ ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಆ ಮನೆಯ ಮುಂದೆ ಅಣ್ಣನ ಬೈಕನ್ನು ಕಂಡವರು ಜನರ ನಡುವೆ ಇದ್ದರು. ಅದು ಎದುರು ಪಕ್ಷದ ಮುಖಂಡರ ಮನೆ. ನನ್ನ ಹಿಂದೆ ಯಾರೋ ತೆಲುಗಿನಲ್ಲಿ "ನಿಜಮೇ ಕದಾ" ಎಂದರು.

ನಿಜವೇ. ಅಣ್ಣ ಹೋಗಿದ್ದು ಆ ಮನೆಯ ಹುಡುಗನಿಗೆ ನನ್ನನ್ನು ಕೊಡುವ ಮಾತಾಡಲು. ಸಂಬಂಧ ಇನ್ನೂ ಗಟ್ಟಿಯಾಗಿರಲಿಲ್ಲ. ಮುರಿದುಬಿದ್ದರೆ ನನಗೆ ಕೆಟ್ಟ ಹೆಸರೆಂದು ಮನೆಯವರು ಬಾಯಿ ಬಿಟ್ಟಿರಲಿಲ್ಲ. ನಮ್ಮ ಮನೆಯವರನ್ನು ಬಿಟ್ಟರೆ ಚಿಕ್ಕಪ್ಪ ಒಬ್ಬರಿಗೇ ಗೊತ್ತಿತ್ತು.

ಅಣ್ಣ ಬಾಯಿ ತೆರೆದ. ನನ್ನ ಕಡೆ ನೋಡಿದ. ತೆರೆದ ಬಾಯಿ ಮುಚ್ಚಿಕೊಂಡ. ಗಾಬರಿಯಾದ ಮೇಷ್ಟ್ರು ತಮಗೆ ಗೊತ್ತಿದ್ದ ಮುಂದಿನ ಮಾತನ್ನೇ ಆಡಿಬಿಟ್ಟರು. "ದ್ರೋಹಿ, ನಮ್ಮ ಗಡಿ ದಾಟಿ ಹೋಗು." ಜನ ಚಪ್ಪಾಳೆ ತಟ್ಟಿದರು.

ಬೆಳಗಾಗುವಷ್ಟರಲ್ಲಿ ಆ ದೃಶ್ಯ ಊರವರ ಫೋನುಗಳಲ್ಲಿತ್ತು. ಚಿಕ್ಕಪ್ಪ ಎಂದಿನಂತೆ ಕಾಫಿಗೆ ಬಂದರು.

"ಅವನು ಯಾಕ್ ಹೋಗಿದ್ದ ಅಂತ ನಿಂಗೊತ್ತಿತ್ತಲ್ಲಪ್ಪ, ಯಾಕ್ ಹಂಗಂದೆ?" ಎಂದಳು ಅಮ್ಮ.

"ನಾಟಕದ ಮಾತು ಅತ್ತಿಗೆ. ನಾನೇನ್ ಅವನನ್ನ ದ್ರೋಹಿ ಅಂದ್ನಾ? ಕೇಳ್ದೆ ಅಷ್ಟೆ."

ಅವರು ಹೋದ ಮೇಲೆ ನಾನು ಅಣ್ಣನಿಗೆ, "ನಿಜ ಹೇಳ್ಬಿಡಣ್ಣ, ನಂದೇನಾದ್ರೂ ಆಗ್ಲಿ" ಎಂದೆ.

"ಸುಮ್ನಿರು ಕಣೇ. ಓಟಿಗೋಸ್ಕರ ನಿನ್ ಮದುವೆ ಮಾತು ಬೀದಿಗೆ ತರ್ಲಾ?"

ಅವನು ಚುನಾವಣೆಗೆ ನಿಲ್ಲಲಿಲ್ಲ. ಚಿಕ್ಕಪ್ಪನ ಮಗ ನಿಂತ, ಗೆದ್ದ.

ತಾಯಲೂರಿನ ಆ ಮನೆಗೇ ನಾನು ಸೊಸೆಯಾಗಿ ಬಂದೆ. ಲಗ್ನಪತ್ರಿಕೆ ಹಂಚಿದಾಗ ಊರಿಗೆಲ್ಲ ನಿಜ ತಿಳಿಯಿತು; ಅಣ್ಣನ ಹತ್ತಿರ ಹೋಗಿ ತಪ್ಪಾಯಿತೆಂದವರು ಒಬ್ಬರೂ ಇಲ್ಲ. ಮದುವೆಯಲ್ಲಿ ಚಿಕ್ಕಪ್ಪನೇ ಮುಂದೆ ನಿಂತು ಓಡಾಡಿದರು, ನನ್ನ ತಲೆ ಮುಟ್ಟಿ ಹರಸಿದರು. ಆ ಕೈಯ ಭಾರ ಇನ್ನೂ ಇಳಿದಿಲ್ಲ.

ನಾಟಕದ ಆ ತುಣುಕನ್ನು ನಾನು ಅಳಿಸಿಲ್ಲ. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ತೆಗೆದು ನೋಡುತ್ತೇನೆ. ಈ ಸಲವಾದರೂ ಅಣ್ಣ ಏನಾದರೂ ಹೇಳುತ್ತಾನೆ ಅನ್ನಿಸುತ್ತದೆ. ಬಣ್ಣ ಹಚ್ಚಿದ ಆ ಮುಖ ಮತ್ತೆ ನನ್ನ ಕಡೆಗೇ ತಿರುಗುತ್ತದೆ.

ಅವನು ಆಗಾಗ ನನ್ನನ್ನು ನೋಡಲು ಬರುತ್ತಾನೆ. ನನ್ನ ಗಂಡ "ಊಟ ಆಯ್ತಾ ಭಾವ?" ಎಂದು ಕೇಳಿದರೂ ತುಸು ತಡೆದು, ಅಲ್ಲಿ ಕೂತವರ ಮುಖವನ್ನೆಲ್ಲ ಒಮ್ಮೆ ನೋಡಿ, ಆಮೇಲೆ ಉತ್ತರ ಕೊಡುತ್ತಾನೆ.